ಎಚ್-1ಬಿ ಸ್ಟೇಟಸ್‌ಗೆ ಬದಲಾಗುವಾಗ ಊರಿಗೆ ಬರುವುದು ಯಾವಾಗ? ಸಂಗಾತಿಯನ್ನು ಕರೆದೊಯ್ಯುವುದು ಹೇಗೆ?

ಅಮೆರಿಕದಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದ, ಅಥವಾ ಇಲ್ಲಿನ ಕಂಪನಿಯ ಮೂಲಕ ಅಲ್ಲಿಗೆ ಹೋದ ನಮ್ಮ ಸಮಾಜದ ಯುವಕ ಯುವತಿಯರ ಮನೆಗಳಲ್ಲಿ ಈ ಚರ್ಚೆ ಸಾಮಾನ್ಯ. ಮಾರ್ಚ್‌ನಲ್ಲಿ ಎಚ್-1ಬಿ ಲಾಟರಿ. ಆಯ್ಕೆಯಾದರೆ ಅಕ್ಟೋಬರ್ 1ರಿಂದ ಹೊಸ ಸ್ಟೇಟಸ್. ಇತ್ತ ಚಾತುರ್ಮಾಸ ಮುಗಿಯುತ್ತಿದ್ದಂತೆ ನವೆಂಬರ್, ಡಿಸೆಂಬರ್‌ನಲ್ಲಿ ಮದುವೆ ಮುಹೂರ್ತಗಳು. ಹಿರಿಯರು ಕಲ್ಯಾಣಮಂಟಪ ಗೊತ್ತುಮಾಡುತ್ತಾರೆ, ಟಿಕೆಟ್ ತೆಗೆಸುತ್ತಾರೆ, ವೀಸಾದ ವಿಚಾರ ಕೊನೆಗೆ ಬರುತ್ತದೆ. ಈ ಕ್ರಮ ತಿರುವುಮುರುವಾಗಬೇಕು. ಯಾಕೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ವೀಸಾ ಬೇರೆ, ಸ್ಟೇಟಸ್ ಬೇರೆ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ವೀಸಾ ಎಂದರೆ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ಚೀಟಿ. ಅದು ಅಮೆರಿಕದ ಬಾಗಿಲವರೆಗೆ ಹೋಗಲು ಬೇಕಾದ ಅನುಮತಿ. ಒಳಗೆ ಬಂದ ಮೇಲೆ ಎಷ್ಟು ದಿನ, ಯಾವ ಕಾರಣಕ್ಕೆ ಇರಬಹುದು ಎನ್ನುವುದು ಸ್ಟೇಟಸ್. ಅದರ ದಾಖಲೆ ಐ-94.

ಎಫ್-1 ವಿದ್ಯಾರ್ಥಿಯಾಗಿ ಓಪಿಟಿಯಲ್ಲಿರುವವರಾಗಲಿ, ಎಲ್-1ರಲ್ಲಿರುವವರಾಗಲಿ ಎಚ್-1ಬಿಗೆ ಬದಲಾಗಲು ಕಂಪನಿ ಐ-129 ಅರ್ಜಿ ಸಲ್ಲಿಸುತ್ತದೆ. ಅದರಲ್ಲಿ ಎರಡು ದಾರಿಗಳಿವೆ. ಒಂದು, ಅಮೆರಿಕದಲ್ಲಿ ಇದ್ದುಕೊಂಡೇ ಸ್ಟೇಟಸ್ ಬದಲಿಸಿಕೊಳ್ಳುವುದು. ಇನ್ನೊಂದು, ಅರ್ಜಿ ಅನುಮೋದನೆಯಾದ ಮೇಲೆ ಹೊರದೇಶದ ಕಾನ್ಸುಲೇಟ್‌ನಲ್ಲಿ ವೀಸಾ ಪಡೆದು ಮರಳಿ ಒಳಬರುವುದು. ಮೊದಲ ದಾರಿಯಲ್ಲಿ ಹೋದವರಿಗೆ ಐ-797 ಅನುಮೋದನಾ ಪತ್ರದ ಕೆಳಭಾಗದಲ್ಲೇ ಹೊಸ ಐ-94 ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಹಳೆಯ ವೀಸಾವೇ ಇರುತ್ತದೆ. ಅಲ್ಲಿ ಕೆಲಸ ಮಾಡಿಕೊಂಡಿರಲು ಅದು ಅಡ್ಡಿಯಲ್ಲ. ಆದರೆ ಮೊದಲ ಬಾರಿ ಊರಿಗೆ ಬಂದಾಗ ಎಚ್-1ಬಿ ವೀಸಾ ಸ್ಟಾಂಪಿಂಗ್ ಆಗದೆ ಹಿಂತಿರುಗುವಂತಿಲ್ಲ.

ಅರ್ಜಿ ಬಾಕಿ ಇರುವಾಗ ಹೊರಟರೆ

ಸ್ಟೇಟಸ್ ಬದಲಾವಣೆಯ ಕೋರಿಕೆ ಇನ್ನೂ ತೀರ್ಮಾನವಾಗದಿರುವಾಗ ಅಮೆರಿಕ ಬಿಟ್ಟು ಹೊರಟರೆ ಆ ಕೋರಿಕೆಯನ್ನು ಕೈಬಿಟ್ಟಂತೆ ಲೆಕ್ಕ. ಮೂಲ ಎಚ್-1ಬಿ ಅರ್ಜಿ ಉಳಿಯಬಹುದು, ಅನುಮೋದನೆಯೂ ಆಗಬಹುದು. ಆದರೆ ಕಾನ್ಸುಲೇಟ್ ಮೂಲಕ ವೀಸಾ ಪಡೆದು ಬರುವ ಎರಡನೇ ದಾರಿ ಹಿಡಿಯಬೇಕಾಗುತ್ತದೆ.

ಹಿಂದೆ ಇದರಿಂದ ಆಗುತ್ತಿದ್ದುದು ಹೆಚ್ಚೆಂದರೆ ಓಡಾಟ ಮತ್ತು ವಿಳಂಬ. 2025ರ ಸೆಪ್ಟೆಂಬರ್ 19ರಂದು ಅಮೆರಿಕ ಅಧ್ಯಕ್ಷರು ಹೊರಡಿಸಿದ ಘೋಷಣೆಯ ನಂತರ ಪರಿಸ್ಥಿತಿ ಬದಲಾಯಿತು. ಸೆಪ್ಟೆಂಬರ್ 21ರಿಂದ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ಅದು ಹೇಳಿತು. ಅಕ್ಟೋಬರ್ 20ರಂದು ಬಂದ ವಿವರಣೆಯ ಪ್ರಕಾರ, ದೇಶದೊಳಗೇ ಇದ್ದು ಸ್ಟೇಟಸ್ ಬದಲಾವಣೆ ಕೇಳಿ, ಅದು ಮಂಜೂರಾದರೆ ಈ ಹಣ ಕಟ್ಟಬೇಕಿಲ್ಲ. ಅಂಥವರು ಅನಂತರ ಹೊರಹೋಗಿ ಅದೇ ಅರ್ಜಿಯ ಆಧಾರದ ಮೇಲೆ ವೀಸಾ ಪಡೆದು ಮರಳಿದರೂ ಕಟ್ಟಬೇಕಿಲ್ಲ. ಆದರೆ ತೀರ್ಮಾನಕ್ಕೆ ಮೊದಲೇ ದೇಶ ಬಿಟ್ಟವರಿಗೆ ಅದು ಅನ್ವಯಿಸುತ್ತದೆ. ಈ ಘೋಷಣೆಯನ್ನು ಮೊದಲಿಗೆ 12 ತಿಂಗಳ ಅವಧಿಗೆ ಹೊರಡಿಸಲಾಗಿತ್ತು. ಆದ್ದರಿಂದ ನೀವು ಹೊರಡುವ ಹೊತ್ತಿಗೆ ಇದು ಯಾವ ಸ್ಥಿತಿಯಲ್ಲಿದೆ ಎಂದು ಕಂಪನಿಯ ವಕೀಲರನ್ನು ಕೇಳಲೇಬೇಕು. ಸೋದರಸಂಬಂಧಿಯ ನಿಶ್ಚಿತಾರ್ಥಕ್ಕೆಂದು ಮೇ ತಿಂಗಳಲ್ಲಿ ಹತ್ತು ದಿನ ಬಂದುಹೋಗುವುದು ಇಷ್ಟು ದುಬಾರಿಯಾಗಬಹುದು.

ಅನುಮೋದನೆ ಬಂದಿದ್ದರೂ ಅಕ್ಟೋಬರ್ 1ಕ್ಕೆ ಮೊದಲು ಹೊರಹೋಗುವುದರಲ್ಲಿ ತೊಡಕಿದೆ. ಮರಳಿ ಹಳೆಯ ವೀಸಾದಲ್ಲಿ ಒಳಬಂದರೆ ಅಕ್ಟೋಬರ್ 1ರಂದು ಸ್ಟೇಟಸ್ ತಾನಾಗಿಯೇ ಬದಲಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. ವಕೀಲರಿಂದ ಬರಹದಲ್ಲಿ ಸಲಹೆ ಪಡೆಯದೆ ಹೊರಡಬೇಡಿ. ಬೇಗ ತೀರ್ಮಾನ ಬೇಕಿದ್ದರೆ ಪ್ರೀಮಿಯಂ ಪ್ರೊಸೆಸಿಂಗ್ ಶುಲ್ಕ ಕಟ್ಟಿದಲ್ಲಿ 15 ಕೆಲಸದ ದಿನಗಳೊಳಗೆ ಉತ್ತರ ಸಿಗುತ್ತದೆ. ಆ ಉತ್ತರ ಹೆಚ್ಚಿನ ದಾಖಲೆ ಕೇಳುವ ಪತ್ರವೂ ಆಗಿರಬಹುದು ಎಂಬುದು ನೆನಪಿರಲಿ.

ಊರಿನಲ್ಲಿ ಸ್ಟಾಂಪಿಂಗ್

ಭಾರತದಲ್ಲಿ ವೀಸಾ ಸಂದರ್ಶನ ನಡೆಯುವುದು ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್ ಮತ್ತು ಕೋಲ್ಕತ್ತಾಗಳಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಶುರುವಾಗಿರಲಿಲ್ಲ. ಆದ್ದರಿಂದ ಬೆಳಗಾವಿ, ಹುಬ್ಬಳ್ಳಿ, ಮಂಗಳೂರಿನವರು ಮದುವೆಯ ದಿನಗಳ ನಡುವೆ ಈ ಓಡಾಟಕ್ಕೂ ಸಮಯ ಇಟ್ಟುಕೊಳ್ಳಬೇಕು.

2025ರ ಸೆಪ್ಟೆಂಬರ್‌ನಿಂದ ಮೂರು ಬದಲಾವಣೆಗಳಾಗಿವೆ. ಡ್ರಾಪ್‌ಬಾಕ್ಸ್ ಸೌಲಭ್ಯ ಎಚ್-1ಬಿ, ಎಚ್-4ರವರಿಗೆ ಬಹುಮಟ್ಟಿಗೆ ಇಲ್ಲವಾಗಿ, ಸಂದರ್ಶನಕ್ಕೆ ಖುದ್ದಾಗಿ ಹೋಗಬೇಕಾಗಿದೆ. ತಮ್ಮ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕೆಂಬ ಸೂಚನೆ ಬಂದಿದೆ. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುತ್ತಾರೆ. ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಈ ಕಾರಣಕ್ಕೆ ಆಗ ಭಾರತದಲ್ಲಿ ಡಿಸೆಂಬರ್‌ಗೆ ಗೊತ್ತಾಗಿದ್ದ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಮದುವೆಗೆ ಮೂರು ವಾರ ರಜೆ ಹಾಕಿ ಬಂದವರು ಊರಿನಲ್ಲೇ ಉಳಿಯಬೇಕಾಯಿತು.

ಸಂದರ್ಶನದ ದಿನ 221(ಜಿ) ಚೀಟಿ ಕೊಟ್ಟರೆ ಹೆಚ್ಚಿನ ಪರಿಶೀಲನೆ ಬಾಕಿ ಇದೆ ಎಂದರ್ಥ. ಅದು ಎಷ್ಟು ದಿನವೆಂದು ಯಾರೂ ಹೇಳಲಾರರು. ಆದ್ದರಿಂದ ಸಂದರ್ಶನದ ದಿನಾಂಕ ಸಿಕ್ಕ ಮೇಲೆ ಮುಹೂರ್ತ ನೋಡಿಸುವುದು ಒಳ್ಳೆಯದು. ಊರಿನಿಂದ ಕೆಲವು ವಾರ ಕೆಲಸ ಮಾಡಬಹುದೇ ಎಂದು ಕಂಪನಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಸಂಗಾತಿಯ ಎಚ್-4

ಎಚ್-1ಬಿಯವರ ಪತಿ ಅಥವಾ ಪತ್ನಿಗೆ ಹಾಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಎಚ್-4 ಸಿಗುತ್ತದೆ. ಸಂಗಾತಿ ಭಾರತದಲ್ಲಿದ್ದರೆ ಡಿಎಸ್-160 ತುಂಬಿ ಕಾನ್ಸುಲೇಟ್‌ನಲ್ಲಿ ಅರ್ಜಿ ಹಾಕಬೇಕು. ಇಬ್ಬರೂ ಒಟ್ಟಿಗೆ ಒಂದೇ ಸಂದರ್ಶನಕ್ಕೆ ಹೋಗಬಹುದು. ಮುಖ್ಯ ಅರ್ಜಿದಾರರು ಅಮೆರಿಕದಲ್ಲೇ ಇದ್ದು ಸಂಗಾತಿ ಒಬ್ಬರೇ ಹೋಗಲೂ ಅವಕಾಶವಿದೆ. ಆಗ ಐ-797ರ ಪ್ರತಿ, ಸಂಬಳದ ಚೀಟಿಗಳು ಮತ್ತು ಕಂಪನಿಯ ಪತ್ರ ಜೊತೆಗಿರಲಿ.

ಮುಖ್ಯ ದಾಖಲೆ ಮದುವೆಯ ನೋಂದಣಿ ಪತ್ರ. ಬಸದಿಯಲ್ಲಿ ಅಥವಾ ಕಲ್ಯಾಣಮಂಟಪದಲ್ಲಿ ಕೊಡುವ ಪತ್ರವನ್ನಷ್ಟೇ ನಂಬಿ ಹೋಗಬೇಡಿ. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದರಡಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಪಾಸ್‌ಪೋರ್ಟ್, ಆಧಾರ್, ನೋಂದಣಿ ಪತ್ರಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇರಲಿ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮದುವೆಗೆ ಮೊದಲೇ ಸರಿಪಡಿಸಿಕೊಂಡರೆ ಕಷ್ಟ ಕಡಿಮೆ.

ಸಂಗಾತಿ ಈಗಾಗಲೇ ಅಮೆರಿಕದಲ್ಲಿ ಬೇರೆ ಸ್ಟೇಟಸ್‌ನಲ್ಲಿದ್ದರೆ ಐ-539 ಅರ್ಜಿಯ ಮೂಲಕ ಎಚ್-4ಕ್ಕೆ ಬದಲಾಗಬಹುದು. ಇದಕ್ಕೂ ಅದೇ ನಿಯಮ: ಬಾಕಿ ಇರುವಾಗ ಹೊರಹೋದರೆ ಸ್ಟೇಟಸ್ ಬದಲಾವಣೆಯ ಅರ್ಜಿ ಬಿದ್ದುಹೋಗುತ್ತದೆ.

ಎಲ್-1ರಿಂದ ಬದಲಾಗುವವರು ಗಮನಿಸಿ

ಎಲ್-1ರಲ್ಲಿ ಕಂಪನಿ ಬದಲಿಸಲಾಗದು. ಎಚ್-1ಬಿಯಲ್ಲಿ ಬದಲಿಸಬಹುದು. ಹಾಗಾಗಿ ಅನೇಕರು ಲಾಟರಿಗೆ ಹೆಸರು ಕೊಡುತ್ತಾರೆ. ಆದರೆ ಮನೆಯಲ್ಲಿ ಇಬ್ಬರೂ ದುಡಿಯುತ್ತಿದ್ದರೆ ಲೆಕ್ಕ ಬೇರೆಯಾಗುತ್ತದೆ. 2021ರ ನವೆಂಬರ್‌ನ ಒಪ್ಪಂದದ ನಂತರ ಎಲ್-2 ಸಂಗಾತಿಗೆ ಬೇರೆ ಅನುಮತಿ ಚೀಟಿ ಇಲ್ಲದೆಯೇ ಕೆಲಸ ಮಾಡುವ ಹಕ್ಕಿದೆ. ಐ-94ರಲ್ಲಿ ಎಲ್-2ಎಸ್ ಎಂದು ಇರುತ್ತದೆ. ಎಚ್-4ಕ್ಕೆ ಬದಲಾದ ದಿನ ಆ ಹಕ್ಕು ಹೋಗುತ್ತದೆ. ಎಚ್-4ರವರಿಗೆ ಕೆಲಸದ ಅನುಮತಿ ಸಿಗುವುದು, 2015ರ ನಿಯಮದಂತೆ, ಎಚ್-1ಬಿಯವರ ಗ್ರೀನ್ ಕಾರ್ಡ್ ಹಂತದ ಐ-140 ಅನುಮೋದನೆಯಾಗಿದ್ದರೆ ಅಥವಾ ಆರು ವರ್ಷ ಮೀರಿ ವಿಸ್ತರಣೆ ಸಿಕ್ಕಿದ್ದರೆ ಮಾತ್ರ. ಅದಕ್ಕೂ ಐ-765 ಹಾಕಿ ಕಾಯಬೇಕು. ಎಲ್-1ರಲ್ಲಿ ಕಳೆದ ಕಾಲ ಎಚ್-1ಬಿಯ ಆರು ವರ್ಷದ ಲೆಕ್ಕಕ್ಕೆ ಸೇರುತ್ತದೆ ಎನ್ನುವುದನ್ನೂ ಮರೆಯಬಾರದು. ಹೆಂಡತಿಯ ಅಥವಾ ಗಂಡನ ಸಂಬಳ ನಿಂತರೆ ಮನೆ ನಡೆಯುವುದೇ ಎಂದು ಇಬ್ಬರೂ ಕೂತು ಮಾತನಾಡಿದ ಮೇಲೆ ಅರ್ಜಿಗೆ ಒಪ್ಪಿಗೆ ಕೊಡಿ.

ಗ್ರೀನ್ ಕಾರ್ಡ್ ಹತ್ತಿರವಿರುವವರು

ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲೇ ಮದುವೆಯಾಗಿದ್ದರೆ ಸಂಗಾತಿ ಅದೇ ಉದ್ಯೋಗ ವರ್ಗದಡಿ ಜೊತೆಯಲ್ಲಿ ಅಥವಾ ಹಿಂದಿನಿಂದ ಬರಬಹುದು. ಕಾರ್ಡ್ ಬಂದ ಮೇಲೆ ಮದುವೆಯಾದರೆ ಎಫ್2ಎ ಎಂಬ ಬೇರೆ ಸರದಿಯಲ್ಲಿ ಕಾಯಬೇಕು. ಆಗ ಎಚ್-4 ದಾರಿಯೂ ಮುಚ್ಚಿರುತ್ತದೆ. ಸಂಬಂಧ ನೋಡುವಾಗ ಹುಡುಗನ ಅಥವಾ ಹುಡುಗಿಯ ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಟಿಕೆಟ್ ತೆಗೆಯುವ ಮುನ್ನ

1. ಸ್ಟೇಟಸ್ ಬದಲಾವಣೆ ಮಂಜೂರಾಗಿದೆಯೇ, ಅಕ್ಟೋಬರ್ 1 ದಾಟಿದೆಯೇ?
2. ವೀಸಾ ಸಂದರ್ಶನದ ದಿನಾಂಕ ಇಬ್ಬರಿಗೂ ಸಿಕ್ಕಿದೆಯೇ?
3. ಮದುವೆ ನೋಂದಣಿಗೂ ಸಂದರ್ಶನಕ್ಕೂ ನಡುವೆ ಸಾಕಷ್ಟು ದಿನಗಳಿವೆಯೇ?
4. ಪಾಸ್‌ಪೋರ್ಟ್ ಅವಧಿ ಸಾಕಷ್ಟಿದೆಯೇ? ಕಡಿಮೆಯಿದ್ದರೆ ಮರಳಿ ಒಳಬರುವಾಗ ಐ-94 ಅವಧಿಯೂ ಅಷ್ಟಕ್ಕೇ ನಿಲ್ಲಬಹುದು.
5. ಹಿಂತಿರುಗುವ ದಿನ ಬದಲಿಸಬಹುದಾದ ಟಿಕೆಟ್ ತೆಗೆದಿದ್ದೀರಾ?

ಈ ನಿಯಮಗಳು ಬೇಗ ಬೇಗ ಬದಲಾಗುತ್ತಿವೆ, ಒಬ್ಬೊಬ್ಬರ ಪರಿಸ್ಥಿತಿಯೂ ಬೇರೆ. ಮೇಲಿನ ಐದರಲ್ಲಿ ಒಂದಕ್ಕಾದರೂ ಉತ್ತರ ‘ಇಲ್ಲ’ ಎಂದಿದ್ದರೆ ವಕೀಲರೊಡನೆ ಮಾತನಾಡಿದ ಮೇಲೆಯೇ ಮುಂದುವರಿಯಿರಿ. ಮುಹೂರ್ತವನ್ನು ಮುಂದಿನ ತಿಂಗಳಿಗೆ ನೋಡಿಸಬಹುದು. ಬಿದ್ದುಹೋದ ಅರ್ಜಿಯನ್ನು ಎತ್ತಿ ನಿಲ್ಲಿಸುವುದು ಅಷ್ಟು ಸುಲಭವಲ್ಲ.