ಮನೆಯಲ್ಲೇ ಮಾಡಿದ ತೂಗುದೀಪ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರ ಕಣ್ಣ ಮುಂದೆ ಇದ್ದುದು ನೆಲದ ಮೇಲಿಟ್ಟ ಎಣ್ಣೆಯ ಹಣತೆ. ಛಾವಣಿಯಿಂದ ಇಳಿಬಿಟ್ಟ ವಿದ್ಯುದ್ದೀಪಕ್ಕೆ ಈ ಗಾದೆಯನ್ನು ತುಸು ತಿರುಗಿಸಿ ಹೇಳಬೇಕಾಗುತ್ತದೆ. ಅದರ ಬುಡವಿರುವುದು ಮೇಲೆ. ಆದುದರಿಂದ ಅದರ ಕತ್ತಲೆಯೂ ಮೇಲೆಯೇ. ಕೆಳಗೆ ಕುಳಿತವರಿಗೆ ಬೆಳಕು ಕಾಣುತ್ತದೆ, ಬುಟ್ಟಿಯ ಚೆಲುವು ಕಾಣುತ್ತದೆ. ತಂತಿಯ ತುದಿಗಳನ್ನು ತಿರುಪಿನ ಕೆಳಗೆ ಬಿಗಿದ ಸ್ಥಳ ಮಾತ್ರ ಯಾರಿಗೂ ಕಾಣುವುದಿಲ್ಲ. ಮನೆಯಲ್ಲೇ ತೂಗುದೀಪವೊಂದನ್ನು ಮಾಡಿಕೊಳ್ಳಬೇಕೆಂಬ ಹವ್ಯಾಸವುಳ್ಳ ವಾಚಕರೊಡನೆ ನಾವು ಇಂದು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಈ ಕಾಣದ ಸ್ಥಳವನ್ನು ಕುರಿತು.

ಇಂಥದೊಂದು ದೀಪ ನಮಗೇಕೆ ಬೇಕೆಂದು ಯಾರಾದರೂ ಕೇಳಬಹುದು. ಮುಂಬಯಿ, ಪುಣೆಗಳಂಥ ನಗರಗಳಿಗೆ ಹೊಟ್ಟೆಪಾಡಿಗೆಂದು ಬಂದ ನಮ್ಮವರಲ್ಲಿ ಅನೇಕರು ಸಂಸಾರ ಹೂಡಿರುವುದು ಒಂದೋ ಎರಡೋ ಕೋಣೆಗಳಲ್ಲಿ. ಗೋಡೆಯ ಟ್ಯೂಬ್‌ಲೈಟು ಹೊತ್ತಿದರೆ ಇಡೀ ಕೋಣೆಗೆ ಹಗಲು, ಆರಿದರೆ ಇಡೀ ಕೋಣೆಗೆ ಇರುಳು. ಪರೀಕ್ಷೆಗೆ ಓದುವ ಮಗನಿಗೂ, ನಸುಕಿನ ಲೋಕಲ್ ಗಾಡಿಯನ್ನು ಹಿಡಿಯಬೇಕಾದ ತಂದೆಗೂ, ಬೆಳಕಿದ್ದರೆ ಕಣ್ಣು ಮುಚ್ಚದ ಅಜ್ಜಿಗೂ ಒಂದೇ ನ್ಯಾಯ. ಮೇಜಿನ ಮೇಲೆ ತಗ್ಗಾಗಿ ತೂಗುವ ಸಣ್ಣ ದೀಪವೊಂದು ತನ್ನ ಬೆಳಕನ್ನು ಪುಸ್ತಕದ ಸುತ್ತ ಮಾತ್ರ ಚೆಲ್ಲಿ, ಗೋಡೆ ಕಟ್ಟದೆಯೇ ಕೋಣೆಯನ್ನು ಎರಡು ಮಾಡುತ್ತದೆ. ಬಾಡಿಗೆಯ ಮನೆಯಲ್ಲಿ ಇದೊಂದು ಸಣ್ಣ ಉಪಕಾರವಲ್ಲ.

ತೂಗುದೀಪವು ನಮಗೆ ಹೊಸದೂ ಅಲ್ಲ. ದೇವಾಲಯದಲ್ಲಿ ಹಿತ್ತಾಳೆಯ ಸರಪಳಿಯಿಂದ ಇಳಿಬಿದ್ದ ನಂದಾದೀಪವನ್ನು ಕಾಣದವರು ಯಾರು? ದೀಪಾವಳಿ ಬಂತೆಂದರೆ ಕರಾವಳಿಯವರು ಗೂಡುದೀಪವನ್ನೂ ಘಟ್ಟದ ಮೇಲಿನವರು ಆಕಾಶಬುಟ್ಟಿಯನ್ನೂ ತೂಗಹಾಕುತ್ತಾರೆ. ಮುಂಬಯಿಯಲ್ಲಿ ನಮ್ಮ ನೆರೆಯ ಮರಾಠಿ ಬಂಧುಗಳು ಅದನ್ನೇ ಆಕಾಶಕಂದೀಲೆಂದು ಕರೆಯುತ್ತಾರೆ. ಬಿದಿರ ಕಡ್ಡಿ, ಬಣ್ಣದ ಕಾಗದ, ಅಂಟುಗಳಿಂದ ಅದನ್ನು ಮನೆಯಲ್ಲೇ ಕಟ್ಟಿದ ಕೈಗಳು ನಮ್ಮಲ್ಲಿ ಸಾಕಷ್ಟಿವೆ. ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮುಂದೆ ಮನೆಗಳಿಗೆ ಅದು ಬಂದಾಗಲೂ, ಛಾವಣಿಗೆ ಬಡಿದ ಮರದ ಬಿಲ್ಲೆಯಿಂದ ಹೊಸೆದ ತಂತಿಯಲ್ಲಿ ಇಳಿಬಿದ್ದ ಒಂಟಿ ಗಾಜಿನ ಬುರುಡೆಯೇ ಎಷ್ಟೋ ಮನೆಗಳ ಮೊದಲ ವಿದ್ಯುದ್ದೀಪವಾಗಿತ್ತು.

ಇನ್ನು ನಮ್ಮ ಸ್ವಂತ ಅನುಭವವನ್ನು ಹೇಳಬೇಕು, ಅದು ಹೆಮ್ಮೆಪಡುವಂಥದಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಊರಿನಿಂದ ತಂದ ಬಿದಿರಿನ ಕುಕ್ಕೆಯೊಂದನ್ನು ಬೋರಲು ಹಾಕಿ, ಬುಡಕ್ಕೆ ತೂತು ಕೊರೆದು, ಅದರೊಳಗೆ ೬೦ ವಾಟಿನ ಬುರುಡೆಯನ್ನಿಟ್ಟು ನಮ್ಮ ಬಾಡಿಗೆಯ ಕೋಣೆಯಲ್ಲಿ ತೂಗಿಸಿದೆವು. ಗೋಡೆಗಳ ಮೇಲೆ ಬಿದ್ದ ಹೆಣಿಗೆಯ ನೆರಳನ್ನು ಕಂಡು ಮನೆಯವರೆಲ್ಲ ಮೆಚ್ಚಿದರು. ನಾಲ್ಕು ತಿಂಗಳು ಕಳೆದಿರಬಹುದು. ಒಂದು ರಾತ್ರಿ ಮೇಲಿನಿಂದ ಚಟಪಟ ಸದ್ದು, ಸುಟ್ಟ ವಾಸನೆ. ಕೆಳಗೆ ನಮ್ಮ ಹಿರಿಯ ಮಗ ಲೆಕ್ಕ ಬಿಡಿಸುತ್ತ ಕುಳಿತಿದ್ದ. ಅವನನ್ನು ಅತ್ತ ಸರಿಸಿ, ಸ್ವಿಚ್ಚನ್ನು ಆರಿಸಿ, ಮಣೆಯ ಮೇಲೆ ನಿಂತು ಹೋಲ್ಡರನ್ನು ಮುಟ್ಟಿದೆವು. ಮುಂದಿನ ಕ್ಷಣ ನಾವು ನೆಲದ ಮೇಲಿದ್ದೆವು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಪ್ರಾಣ ಉಳಿದುದು ಪುಣ್ಯ.

ಮರುದಿನ ಬಂದ ಅನುಭವಿಯಾದ ಕೆಲಸಗಾರರೊಬ್ಬರು ಎರಡು ತಪ್ಪುಗಳನ್ನು ತೋರಿಸಿಕೊಟ್ಟರು. ಕುಕ್ಕೆಯ ಭಾರವನ್ನೆಲ್ಲ ಹೋಲ್ಡರಿನೊಳಗಿನ ಎರಡು ಪುಟ್ಟ ತಿರುಪುಗಳು ಹೊತ್ತಿದ್ದವು. ದಿನದಿನಕ್ಕೆ ಜಗ್ಗಿ ತಂತಿಯ ಎಳೆಗಳು ಹೊರಬಂದಿದ್ದವು. ಇದು ನಮ್ಮ ತಪ್ಪು. ಎರಡನೆಯದು, ಹಿಂದೆ ಯಾರೋ ಮಾಡಿದ ಜೋಡಣೆಯಲ್ಲಿ ಸ್ವಿಚ್ಚನ್ನು ಫೇಸ್ ತಂತಿಯಲ್ಲಿಡುವ ಬದಲು ನ್ಯೂಟ್ರಲ್ ತಂತಿಯಲ್ಲಿಟ್ಟಿದ್ದರು. ಸ್ವಿಚ್ಚನ್ನು ಆರಿಸಿದೊಡನೆ ದೀಪ ಆರಿತು, ನಿಜ. ಆದರೆ ವಿದ್ಯುತ್ತು ಹೋಲ್ಡರಿನವರೆಗೆ ಬಂದು ಅಲ್ಲಿಯೇ ಕಾದಿತ್ತು. ದೀಪ ಆರಿದೆಯೆಂದರೆ ತಂತಿ ಸತ್ತಿದೆಯೆಂದು ಅರ್ಥವಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟರೆ ಈ ಲೇಖನ ಸಾರ್ಥಕವಾಯಿತು.

ಅಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಾಗಿದೆ. ತಂತುವಿನ ಬುರುಡೆಯು ತಾನು ಉಂಡ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಬೆಳಕಾಗಿಸುತ್ತಿರಲಿಲ್ಲ, ಉಳಿದುದೆಲ್ಲ ಕಾವು. ನಮ್ಮ ಕುಕ್ಕೆಯ ಒಳಭಾಗ ಕಂದಾಗಿದ್ದುದು ಆ ಕಾವಿನಿಂದಲೇ. ೨೦೧೫ರಲ್ಲಿ ಕೇಂದ್ರ ಸರ್ಕಾರವು ಉಜಾಲಾ ಯೋಜನೆಯನ್ನು ಆರಂಭಿಸಿದ ಮೇಲೆ ಎಲ್‌ಇಡಿ ದೀಪಗಳು ಬಡವರ ಕೈಗೂ ಎಟಕಿದವು. ಸುಮಾರು ೯ ವಾಟಿನ ಎಲ್‌ಇಡಿಯು ಹಳೆಯ ೬೦ ವಾಟಿನಷ್ಟು ಬೆಳಕನ್ನು ಕೊಡುತ್ತದೆ. ಆದುದರಿಂದಲೇ ಇಂದು ಬಿದಿರು, ಬಟ್ಟೆ, ತೆಂಗಿನ ಕರಟಗಳನ್ನು ದೀಪದ ಮುಸುಕಿಗೆ ಮೊದಲಿಗಿಂತ ಧೈರ್ಯದಿಂದ ಬಳಸಬಹುದಾಗಿದೆ. ಆದರೂ ಎಲ್‌ಇಡಿಯ ಬುಡ ಬಿಸಿಯಾಗುತ್ತದೆ. ಗಾಳಿಯಾಡಲು ಮೇಲೆ ಎಡೆ ಬಿಡದಿದ್ದರೆ ದೀಪದ ಆಯುಷ್ಯ ಕುಗ್ಗುತ್ತದೆ.

ವಾಟು ಕಡಿಮೆಯಾಯಿತೆಂದು ಅಪಾಯವೂ ಕಡಿಮೆಯಾಯಿತೆಂದು ಬಗೆಯುವವರುಂಟು. ಇದು ಭ್ರಮೆ. ತಂತಿಯಲ್ಲಿರುವ ಒತ್ತಡ ಮೊದಲಿನಂತೆಯೇ ೨೩೦ ವೋಲ್ಟು. ಆ ಪುಟ್ಟ ದೀಪವನ್ನು ಬೆಳಗಿಸಲು ಬೇಕಾಗುವಷ್ಟು ಪ್ರವಾಹವೇ ಎದೆಯ ಮೂಲಕ ಹರಿದರೆ ಮನುಷ್ಯನ ಪ್ರಾಣವನ್ನು ತೆಗೆಯಬಲ್ಲದು. ಮನೆಯ ಹಲಗೆಯಲ್ಲಿ ೩೦ ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ವಿದ್ಯುತ್ತು ದೇಹದಿಂದ ನೆಲಕ್ಕೆ ಸೋರುವಾಗ ಅದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಒಂದು ಕೈ ಫೇಸಿನ ಮೇಲೂ ಇನ್ನೊಂದು ಕೈ ನ್ಯೂಟ್ರಲಿನ ಮೇಲೂ ಇದ್ದರೆ ಮಾತ್ರ ಅದನ್ನು ನೆಚ್ಚುವಂತಿಲ್ಲ.

ಸಾಮಗ್ರಿಗಳು ಹೆಚ್ಚೇನೂ ಬೇಡ: ಛಾವಣಿಗೆ ಒಂದು ಸೀಲಿಂಗ್ ರೋಸ್, ಒಂದು ಹೋಲ್ಡರು, ಬೇಕಾದಷ್ಟು ಉದ್ದದ ಬಳುಕುವ ತಂತಿ, ಒಂದು ಟೆಸ್ಟರು, ತಿರುಪುಳಿ. ಮುಂಬಯಿಯವರಿಗೆ ಲೋಹಾರ್ ಚಾಳ್, ಪುಣೆಯವರಿಗೆ ತಪಕೀರ್ ಗಲ್ಲಿ, ಹೈದರಾಬಾದಿನವರಿಗೆ ಟ್ರೂಪ್ ಬಜಾರ್, ದಿಲ್ಲಿಯವರಿಗೆ ಭಾಗೀರಥ್ ಪ್ಯಾಲೇಸ್ ಎಂದರೆ ಇವೆಲ್ಲ ಒಂದೇ ಬೀದಿಯಲ್ಲಿ ದೊರೆಯುತ್ತವೆ. ತಂತಿಯು ಐಎಸ್‌ಐ ಮುದ್ರೆಯುಳ್ಳ ತಾಮ್ರದ್ದಾಗಿರಲಿ, ೦.೭೫ ಚದರ ಮಿಲಿಮೀಟರಿಗೆ ಕಡಿಮೆಯಾಗದಿರಲಿ. ಹತ್ತು ರೂಪಾಯಿ ಉಳಿಯಿತೆಂದು ಮುದ್ರೆಯಿಲ್ಲದ ತಂತಿಯನ್ನು ಕೊಳ್ಳುವುದು ಹಗ್ಗದ ಖರ್ಚು ಉಳಿಸಿ ಕೊಡವನ್ನು ಬಾವಿಗೆ ಬಿಟ್ಟಂತೆ.

ಮುಸುಕಿನ ವಿಷಯದಲ್ಲಿ ಪ್ರತಿಯೊಬ್ಬರ ರುಚಿಯೂ ಬೇರೆ. ಮೇದರು ಹೆಣೆದ ಬುಟ್ಟಿಯಾಗಲಿ, ಅರ್ಧ ಕತ್ತರಿಸಿ ನುಣುಪು ಮಾಡಿದ ಕರಟವಾಗಲಿ, ತಂತಿಯ ಬಳೆಗೆ ಸುತ್ತಿದ ಹಳೆಯ ಇಳಕಲ್ ಸೀರೆಯ ಸೆರಗಾಗಲಿ ಚೆನ್ನಾಗಿಯೇ ಒಪ್ಪುತ್ತವೆ. ಬಟ್ಟೆಯು ದೀಪದಿಂದ ನಾಲ್ಕು ಬೆರಳಾದರೂ ದೂರವಿರಬೇಕು. ಊರ ಮನೆಯ ಪಾಲಿನಲ್ಲಿ ಬಂದ ತಾಮ್ರ, ಹಿತ್ತಾಳೆಯ ಪಾತ್ರೆಯನ್ನು ಬಳಸಬೇಕೆಂದಿದ್ದರೆ ಎಚ್ಚರ ಇಮ್ಮಡಿಯಾಗಬೇಕು. ಲೋಹಕ್ಕೆ ಮೂರು ಎಳೆಯ ತಂತಿಯೇ ಬೇಕು. ಹಸಿರು ಎಳೆಯನ್ನು ಪಾತ್ರೆಯ ಮೈಗೆ ತಿರುಪಿನಿಂದ ಬಿಗಿದು, ಅದರ ಇನ್ನೊಂದು ತುದಿಯನ್ನು ಮನೆಯ ಅರ್ಥಿಂಗ್ ತಂತಿಗೆ ಸೇರಿಸಬೇಕು. ಕೊರೆದ ತೂತಿನ ಅಂಚು ತಂತಿಯನ್ನು ಕೊಯ್ಯದಂತೆ ರಬ್ಬರಿನ ಉಂಗುರವನ್ನು ತೊಡಿಸಬೇಕು. ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಲೋಹದ ಆಸೆಯನ್ನು ಬಿಟ್ಟು ಬುಟ್ಟಿಗೇ ತೃಪ್ತರಾಗುವುದು ಒಳ್ಳೆಯದು.

ಕೆಲಸವನ್ನು ಹಗಲಿನಲ್ಲಿ ಮಾಡತಕ್ಕದ್ದು. ಮೇನ್ ಸ್ವಿಚ್ಚನ್ನು ಆರಿಸಿ, ಅದರ ಬಳಿ ಮನೆಯವರೊಬ್ಬರನ್ನು ನಿಲ್ಲಿಸಬೇಕು; ನೆರೆಯವರು ಕತ್ತಲೆಯೆಂದು ಬಂದು ಅದನ್ನು ಹಾಕಿಬಿಟ್ಟ ಪ್ರಸಂಗಗಳುಂಟು. ಟೆಸ್ಟರು ಸರಿಯಿದೆಯೇ ಎಂದು ವಿದ್ಯುತ್ತಿರುವ ಸ್ಥಳದಲ್ಲಿ ಮೊದಲೇ ಪರೀಕ್ಷಿಸಿಕೊಂಡು, ಮೇನನ್ನು ಆರಿಸಿದ ಬಳಿಕ ಛಾವಣಿಯ ಪ್ರತಿಯೊಂದು ತಂತಿಯನ್ನೂ ಅದರಿಂದ ಮುಟ್ಟಿ ನೋಡಬೇಕು. ಕಾಲ ಕೆಳಗೆ ಒಣ ಮರದ ಏಣಿ ಇರಲಿ. ತೇವದ ಕೈ ಬೇಡ.

ಜೋಡಿಸುವಾಗ ತಂತಿಯನ್ನು ಮೊದಲು ಮುಸುಕಿನೊಳಗಿಂದಲೂ ಹೋಲ್ಡರಿನ ಮುಚ್ಚಳದೊಳಗಿಂದಲೂ ತೂರಿಸಿಕೊಳ್ಳಬೇಕು. ಇದನ್ನು ಮರೆತು ಎಲ್ಲವನ್ನೂ ಬಿಗಿದ ಮೇಲೆ ಮತ್ತೆ ಬಿಚ್ಚದ ಹವ್ಯಾಸಿಯನ್ನು ನಾವಿನ್ನೂ ಕಂಡಿಲ್ಲ. ಅನಂತರ ಬರುವುದೇ ಗಂಟು. ತಂತಿಯ ಎರಡು ಎಳೆಗಳನ್ನು ಮೂರು ಅಂಗುಲದಷ್ಟು ಬಿಡಿಸಿ, ಬಲದ ಎಳೆಯನ್ನು ಕುಣಿಕೆಯಾಗಿ ಬಾಗಿಸಿ ಮೂಲ ತಂತಿಯ ಮುಂದಿನಿಂದ ಎಡಕ್ಕೆ ತರಬೇಕು. ಎಡದ ಎಳೆಯನ್ನು ಅದರ ತುದಿಯ ಮೇಲಿನಿಂದ ಹಾಯಿಸಿ, ಮೂಲ ತಂತಿಯ ಹಿಂದಿನಿಂದ ಬಳಸಿ, ಬಲಗಡೆಯ ಕುಣಿಕೆಯೊಳಗೆ ತೂರಿಸಿ ಎರಡನ್ನೂ ಎಳೆದರೆ ಗಟ್ಟಿಯಾದ ಗಂಟೊಂದು ಬೀಳುತ್ತದೆ. ಈ ಗಂಟು ಮುಚ್ಚಳದ ತೂತಿಗಿಂತ ದೊಡ್ಡದಾದುದರಿಂದ ಹೊರಕ್ಕೆ ಜಾರದು. ಭಾರವನ್ನು ಗಂಟು ಹೊರುತ್ತದೆ. ತಿರುಪುಗಳಿಗೆ ತಂತಿಯ ತುದಿಯನ್ನು ಹಿಡಿದುಕೊಂಡಿರುವ ಕೆಲಸವಷ್ಟೇ ಉಳಿಯುತ್ತದೆ. ನಮ್ಮ ಕುಕ್ಕೆಯಲ್ಲಿ ಇಲ್ಲದಿದ್ದುದು ಇದೊಂದೇ ಗಂಟು. ಹೊರಗವಸಿರುವ ದುಂಡು ತಂತಿಯಾದರೆ ಗಂಟಿಗೆ ಬದಲಾಗಿ ಅದನ್ನು ಕಚ್ಚಿಹಿಡಿಯುವ ಬಿಗಿಪಟ್ಟಿಯುಳ್ಳ ಹೋಲ್ಡರನ್ನೇ ಕೊಳ್ಳಬೇಕು. ಭಾರ ಒಂದು ಕಿಲೋಗ್ರಾಮನ್ನು ಮೀರಿದರೆ ತಂತಿಯ ಗೊಡವೆ ಬೇಡ. ಛಾವಣಿಯ ಕಾಂಕ್ರೀಟಿಗೆ ಕೊಕ್ಕೆ ಹಾಕಿ ಸರಪಳಿಯಿಂದ ತೂಗಿಸಿ, ತಂತಿಯು ಅದರ ಪಕ್ಕದಲ್ಲಿ ಸಡಿಲವಾಗಿ ಇಳಿಯುವಂತೆ ಮಾಡಬೇಕು.

ತುದಿಯ ಕವಚವನ್ನು ಕಾಲು ಅಂಗುಲದಷ್ಟೇ ಸುಲಿದು, ಎಳೆಗಳನ್ನು ಹೊಸೆದು ತಿರುಪಿನ ಕೆಳಗೆ ಬಿಗಿಯಬೇಕು. ಒಂದು ಕೂದಲೆಳೆಯೂ ಹೊರಗೆ ಚಾಚಿರಬಾರದು. ಎರಡು ಮೊಳೆಯ ಬುರುಡೆಯ ಹೋಲ್ಡರಿನಲ್ಲಿ ಯಾವ ತಂತಿ ಯಾವ ಕಡೆ ಎಂಬ ಭೇದವಿಲ್ಲ. ತಿರುಗಿಸಿ ಕೂರಿಸುವ ಬುರುಡೆಯಾದರೆ ಫೇಸ್ ತಂತಿಯು ತಳದ ನಡುವಿನ ಬಿಂದುವಿಗೇ ಹೋಗಬೇಕು. ಸುತ್ತಲಿನ ಬಳೆಗೆ ಹೋದರೆ ಬುರುಡೆಯನ್ನು ಬದಲಿಸುವ ಕೈ ಅದನ್ನು ಮುಟ್ಟುವ ಸಂಭವವುಂಟು. ನಡುದಾರಿಯಲ್ಲಿ ತಂತಿಗೆ ತಂತಿ ಹೊಸೆದು ಟೇಪು ಸುತ್ತುವ ಪದ್ಧತಿಯನ್ನು ಕೈಬಿಟ್ಟು ಅಖಂಡವಾದ ತಂತಿಯನ್ನೇ ಬಳಸಬೇಕು.

ಎತ್ತರದ ಲೆಕ್ಕ ಸುಲಭ. ಊಟದ ಅಥವಾ ಓದಿನ ಮೇಜಿನಿಂದ ಮುಸುಕಿನ ಅಂಚಿಗೆ ಸುಮಾರು ೨೮ರಿಂದ ೩೦ ಅಂಗುಲವಿದ್ದರೆ ಕಣ್ಣು ಕುಕ್ಕುವುದಿಲ್ಲ. ಜನ ಓಡಾಡುವ ಕಡೆ ನೆಲದಿಂದ ೭ ಅಡಿಗೆ ಕಡಿಮೆಯಾಗಬಾರದು. ಪಂಖದ ರೆಕ್ಕೆಗಳಿಂದ ದೂರವಿರಬೇಕು. ಮಳೆಗಾಲದಲ್ಲಿ ಸೋರುವ ಛಾವಣಿಯ ಕೆಳಗಂತೂ ಸಲ್ಲದು.

ಇಷ್ಟೆಲ್ಲ ಹೇಳಿದ ಮೇಲೆ ಮೇರೆಯನ್ನೂ ಹೇಳಬೇಕು. ಇರುವ ದೀಪವನ್ನೋ ಸ್ವಿಚ್ಚನ್ನೋ ಬದಲಿಸುವುದಕ್ಕೆ ಮಿಗಿಲಾದ ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರರೇ ಮಾಡಿಸಬೇಕೆಂದು ೧೯೫೬ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ ವಿಧಿಸಲಾಗಿತ್ತು. ಆ ನಿಯಮಗಳ ಸ್ಥಾನದಲ್ಲಿ ೨೦೧೦ರಲ್ಲಿಯೂ ಮತ್ತೆ ೨೦೨೩ರಲ್ಲಿಯೂ ಬಂದ ಸುರಕ್ಷತೆಯ ವಿನಿಯಮಗಳಲ್ಲಿ ಇದೇ ತತ್ತ್ವ ಉಳಿದಿದೆ. ಹೊಸ ದೀಪಕ್ಕಾಗಿ ಗೋಡೆಯಿಂದ ಹೊಸ ತಂತಿ ಎಳೆಯುವುದು, ಸ್ವಿಚ್ಚನ್ನು ನ್ಯೂಟ್ರಲಿನಿಂದ ಫೇಸಿಗೆ ಬದಲಿಸುವುದು, ಅರ್ಥಿಂಗ್ ಹಾಕಿಸುವುದು ಇವು ಹವ್ಯಾಸಿಯ ಕೆಲಸಗಳಲ್ಲ. ಬಾಡಿಗೆಯ ಮನೆಯವರಿಗೆ ಸುಲಭೋಪಾಯವೊಂದುಂಟು: ಮನೆಯ ಜೋಡಣೆಯನ್ನು ಮುಟ್ಟದೆ, ಛಾವಣಿಗೆ ಕೊಕ್ಕೆಯೊಂದನ್ನು ಹಾಕಿ ತಂತಿಯನ್ನು ಗೋಡೆಯ ಗುಂಟ ಇಳಿಸಿ, ತುದಿಗೆ ೬ ಆಂಪಿಯರಿನ ಪ್ಲಗ್ಗು ಕೂರಿಸಿದರಾಯಿತು. ಕೆಲಸ ಮಾಡುವಾಗ ಪ್ಲಗ್ಗು ಕಣ್ಣೆದುರಿಗೆ ಹೊರಗೆ ಬಿದ್ದಿರುತ್ತದೆ, ಸಂಶಯಕ್ಕೆ ಎಡೆಯಿಲ್ಲ. ಮನೆ ಬಿಡುವಾಗ ದೀಪವೂ ನಮ್ಮೊಡನೆ ಬರುತ್ತದೆ.

ಅಂದು ಕುಕ್ಕೆಯ ಕೆಳಗೆ ಲೆಕ್ಕ ಬಿಡಿಸುತ್ತಿದ್ದ ಹುಡುಗನಿಗೆ ಈಗ ಸ್ವಂತ ಸಂಸಾರವಿದೆ. ಹೋದ ವರ್ಷ ಅವನು ನಮ್ಮ ತಾಯಿಯವರ ಹಿತ್ತಾಳೆಯ ತಂಬಿಗೆಯನ್ನು ತನ್ನ ಮಗಳ ಓದಿನ ಮೇಜಿನ ಮೇಲೆ ತೂಗಿಸಿದ. ಬೆಳಗಿಸುವುದಕ್ಕೆ ಮೊದಲು ನಮ್ಮನ್ನು ಕರೆದು, ಮುಚ್ಚಳವನ್ನು ಬಿಚ್ಚಿ ಗಂಟನ್ನೂ ಹಸಿರು ತಂತಿಯನ್ನೂ ತೋರಿಸಿ, ಸರಿಯಿದೆಯೇ ಎಂದು ಕೇಳಿದ. ನಮಗೆ ದೀಪದ ಚೆಲುವಿಗಿಂತ ಆ ಪ್ರಶ್ನೆಯೇ ಹೆಚ್ಚು ಹಿತವಾಯಿತು. ಆಯುಧಪೂಜೆಯ ದಿನ ನಮ್ಮಲ್ಲಿ ಕತ್ತರಿಯಿಂದ ಕಾರಿನವರೆಗೆ ಎಲ್ಲವನ್ನೂ ಒರೆಸಿ ಕುಂಕುಮ ಇಡುವುದುಂಟಷ್ಟೆ? ಈಗ ನಮ್ಮ ಎರಡು ಮನೆಗಳಲ್ಲೂ ಅಂದು ಬೆಳಿಗ್ಗೆ ಮೇನನ್ನು ಆರಿಸಿ, ತೂಗುದೀಪಗಳ ಮುಚ್ಚಳ ಬಿಚ್ಚಿ ತಿರುಪುಗಳನ್ನು ನೋಡಿ, ಸಡಿಲವಿದ್ದರೆ ಬಿಗಿದು, ಆಮೇಲೆಯೇ ಹೂವು ಮುಡಿಸುತ್ತೇವೆ. ಮನೆಯಲ್ಲಿ ದೀಪ ಮಾಡಿಕೊಂಡ ವಾಚಕರೂ ಈ ಪದ್ಧತಿಯನ್ನು ಇರಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ.