ಹುಟ್ಟದ ಕೂಸಿನ ಕುಲಾವಿಗೆ ಮುಂಗಡ

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಗೇಮ್‌ನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರ್‌ಗೆ ಮಾರಲು ಹೊರಟಾಗ ಆಟಗಾರರು ನಕ್ಕರು, ಬೈದರು, ಕೊಂಡವರೂ ಕಡಿಮೆಯಿರಲಿಲ್ಲ. ಆ ಕವಚ ಇಂದಿಗೂ ಗೇಲಿಯ ವಸ್ತು. ಆದರೂ ಅದರ ಪರವಾಗಿ ಒಂದು ಮಾತು ಹೇಳಬೇಕು: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆಂಬುದು ಕಣ್ಣೆದುರೇ ಇತ್ತು, ಬೇಡವಾದವರು ಬಿಟ್ಟರು. ಹೀಗೆ ಗೇಮ್ ಬಂದ ಮೇಲೆ ಬಿಡಿಬಿಡಿಯಾಗಿ ಮಾರುವ ಹೆಚ್ಚುವರಿ ಭಾಗಗಳ, ಅಂದರೆ ಡಿಎಲ್‌ಸಿ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಸೀಸನ್ ಪಾಸ್ ಬಗ್ಗೆ. ಮುಂದೆಂದೋ ಬರಲಿರುವ ಡಿಎಲ್‌ಸಿಗಳಿಗೆಲ್ಲ ಇಂದೇ ದುಡ್ಡು ಕಟ್ಟಿ ಒಂದಿಷ್ಟು ರಿಯಾಯಿತಿ ಪಡೆಯಿರಿ ಎನ್ನುವ ಈ ವ್ಯವಹಾರದಲ್ಲಿ ಅಪಾಯವೆಲ್ಲ ಕೊಳ್ಳುವವರ ಪಾಲಿಗೆ.

ಪಾಸ್‌ನ ಪರ ವಾದಿಸುವವರು ‘ವಿಚರ್ 3’ ಕಡೆ ಬೆರಳು ತೋರಿಸುತ್ತಾರೆ. ನ್ಯಾಯವೇ. 2015ರಲ್ಲಿ ಗೇಮ್ ಬಿಡುಗಡೆಗೂ ಮುನ್ನವೇ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 25 ಡಾಲರ್‌ಗೆ ಪಾಸ್ ಮಾರಿತು, ಹೇಳಿದ ಎರಡೂ ಭಾಗಗಳನ್ನು ಕೊಟ್ಟಿತು. ಎರಡನೆಯದಾದ ‘ಬ್ಲಡ್ ಅಂಡ್ ವೈನ್’ ಒಂದು ಪೂರ್ಣ ಗೇಮ್‌ಗೆ ಸರಿಸಾಟಿ. ಆದರೆ ಲೆಕ್ಕ ಹಾಕಿ ನೋಡಿ. ಬಿಡಿಯಾಗಿ ಕೊಂಡಿದ್ದರೆ ಅವಕ್ಕೆ 10 ಮತ್ತು 20 ಡಾಲರ್. ಪಾಸ್‌ನಿಂದ ಉಳಿದದ್ದು ಐದು ಡಾಲರ್. ಅತ್ತ 60 ಡಾಲರ್‌ನ ಗೇಮನ್ನೂ ಪಾಸನ್ನೂ ಸೇರಿಸಿ 85 ಕೊಟ್ಟವರಿದ್ದರೆ, 2016ರ ಆಗಸ್ಟ್‌ವರೆಗೆ ತಡೆದವರಿಗೆ ಎಲ್ಲವೂ ಒಟ್ಟಾಗಿ 50 ಡಾಲರ್‌ಗೆ ಸಿಕ್ಕಿತು. ಮಾತು ಉಳಿಸಿಕೊಂಡ ಕಂಪನಿಯ ವಿಷಯದಲ್ಲೇ ಹೀಗೆ. 2015ರಲ್ಲೇ ಬಂದ ‘ಬ್ಯಾಟ್‌ಮನ್: ಆರ್ಖಮ್ ನೈಟ್’ಗೆ ಪಾಸ್ ಬೆಲೆ 40 ಡಾಲರ್, ಒಳಗೇನಿದೆ ಎಂದರೆ ಹೊಸ ಕಥೆ, ಹೊಸ ಖಳರು, ಹೊಸ ವೇಷ ಎಂಬಂಥ ವಿವರವಷ್ಟೇ ಮೊದಲಿಗೆ ಸಿಕ್ಕಿತ್ತು. ಅದರ ಪಿಸಿ ಆವೃತ್ತಿ ಎಷ್ಟು ಕೆಟ್ಟಿತ್ತೆಂದರೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಮಾರಾಟ ನಿಲ್ಲಿಸಿದರು. ಮತ್ತೆ ಶುರುವಾದದ್ದು ಅಕ್ಟೋಬರ್‌ನಲ್ಲಿ.

ಗೇಮ್ ತಯಾರಿಕೆಯ ಖರ್ಚು ಏರುತ್ತಲೇ ಇದ್ದರೂ ದೊಡ್ಡ ಗೇಮ್‌ಗಳ ಬೆಲೆ ಹದಿನೈದು ವರ್ಷ 60 ಡಾಲರ್‌ನಲ್ಲೇ ನಿಂತಿತ್ತಲ್ಲ, ಕಂಪನಿಗಳು ದುಡ್ಡು ಎಲ್ಲಿಂದ ತರಬೇಕು ಎಂದು ಕೇಳುವವರಿದ್ದಾರೆ. ತರಲಿ, ಆದರೆ ಮಾಡಿ ತೋರಿಸಿ ಮಾರಲಿ. ‘ಎಲ್ಡನ್ ರಿಂಗ್’ 2022ರಲ್ಲಿ ಬಂತು; ಸೀಸನ್ ಪಾಸ್‌ನ ಗೊಡವೆಯಿಲ್ಲದೆ 2024ರ ಜೂನ್‌ನಲ್ಲಿ ಬಂದ ಅದರ ಡಿಎಲ್‌ಸಿಗೆ 40 ಡಾಲರ್ ಬೆಲೆಯಿದ್ದರೂ ಮೂರೇ ದಿನಗಳಲ್ಲಿ 50 ಲಕ್ಷ ಪ್ರತಿಗಳು ಮಾರಾಟವಾದವು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಗೆಳೆಯರ ಗುಂಪು ಇಂದು ಹೊಸ ಮ್ಯಾಪ್‌ನಲ್ಲಿ ಆಡುವಾಗ ಒಬ್ಬರೇ ವರ್ಷ ಕಾಯುವುದು ಹೇಗೆ? ಒಪ್ಪಬೇಕಾದ ಮಾತು. ಆದರೆ ಗುಂಪನ್ನು ಒಡೆಯುವುದೂ ಅದೇ ಪಾಸ್. 2015ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್’ನಲ್ಲಿ ಪಾಸ್‌ಗೆ 50 ಡಾಲರ್ ಕೊಟ್ಟವರು ಒಂದು ಕಡೆ, ಕೊಡದವರು ಇನ್ನೊಂದು ಕಡೆಯಾದರು. 2017ರಲ್ಲಿ ಬಂದ ಅದರ ಎರಡನೇ ಗೇಮ್‌ನಲ್ಲಿ, ಅದನ್ನು ಹೊರತಂದ ಇಎ ಕಂಪನಿ ಪಾಸನ್ನೇ ಕೈಬಿಟ್ಟಿತು. (ಬದಲಿಗೆ ತಂದ, ಒಳಗೇನಿದೆಯೆಂದು ತೆರೆದ ಮೇಲೇ ತಿಳಿಯುವ ಲೂಟ್ ಬಾಕ್ಸ್‌ ಇನ್ನೂ ದೊಡ್ಡ ರಾದ್ಧಾಂತವಾಯಿತು, ಅದು ಬೇರೆ ಮಾತು.)

ಸೀಸನ್ ಪಾಸ್ ಮಾರುವವರು ಯಾವ ಭಾಗ ಯಾವಾಗ ಬರುತ್ತದೆಂಬ ಪಟ್ಟಿಯನ್ನು ಮೊದಲೇ ಕೊಡಬೇಕು, ರದ್ದಾದರೆ ಅದರ ಹಣ ವಾಪಸ್ ಕೊಡಬೇಕು ಎಂದು ಪಿಸಿ ಗೇಮ್‌ಗಳ ಆನ್‌ಲೈನ್ ಮಳಿಗೆ ಸ್ಟೀಮ್ ನಿಯಮ ಮಾಡಿದ್ದು 2024ರ ನವೆಂಬರ್‌ನಲ್ಲಿ, ಅಂದರೆ ಈ ಪದ್ಧತಿ ಬೇರೂರಿ ಹತ್ತು ವರ್ಷ ಕಳೆದ ಮೇಲೆ. ತಡವಾದರೂ ಉಪಯೋಗಕ್ಕೆ ಬರುವ ನಿಯಮ. ಗುಂಪಿನ ಜೊತೆ ಆಡಲು ಪಾಸ್ ಬೇಕೇಬೇಕು ಎನ್ನುವವರು ಆ ಪಟ್ಟಿ ಓದಿ, ಮೊದಲ ಭಾಗ ಹೊರಬಂದು ಹೇಗಿದೆಯೆಂದು ಗೊತ್ತಾದ ಮೇಲೆ ಕೊಳ್ಳಬಹುದು. ಪಾಸ್ ಸಾಮಾನ್ಯವಾಗಿ ಆಗಲೂ ಮಾರಾಟದಲ್ಲಿರುತ್ತದೆ, ಬೆಲೆ ಇಳಿದಿದ್ದರೂ ಇಳಿದಿರಬಹುದು.