ಚೆಂಡಿಗಿಲ್ಲದ ಮೈಲಿಗೆ

ಭತ್ತದ ಕೊಯ್ಲು ಮುಗಿದ ಕೃಷ್ಣರಾಜನಗರದ ಗದ್ದೆಬಯಲುಗಳಲ್ಲಾಗಲಿ, ಹೊಗೆಸೊಪ್ಪಿನ ಬೆಳೆ ತೆಗೆದ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಾಗಲಿ, ಹೆಗ್ಗಡದೇವನಕೋಟೆಯ ಶಾಲೆಯಂಗಳಗಳಲ್ಲಾಗಲಿ ಹುಡುಗರು ಕ್ರಿಕೆಟ್ ಆಡುವುದನ್ನು ನಿಂತು ನೋಡಿದವರಿಗೆ ಒಂದು ಅಲಿಖಿತ ನಿಯಮ ಕಣ್ಣಿಗೆ ಬೀಳದೆ ಇರದು. ಬ್ಯಾಟು ಯಾರ ಮನೆಯದೋ ಅವನೇ ಮೊದಲು ಆಡುವವನು. ಬ್ಯಾಟಿಲ್ಲದವನ ಪಾಲಿಗೆ ಬರುವುದು ಚೆಂಡು. ಬಿಸಿಲಿನಲ್ಲಿ ಓಡಿಬಂದು ಎಸೆಯುವುದು, ಬೇಲಿಯಾಚೆ ಹೋದದ್ದನ್ನು ಹುಡುಕಿ ತರುವುದು, ಮತ್ತೆ ಎಸೆಯುವುದು ಅವನ ಕೆಲಸ. ಈ ನಿಯಮ ಹುಡುಗರು ಮಾಡಿದ್ದಲ್ಲ. ಇಂಗ್ಲೆಂಡಿನ ಸಿರಿವಂತರು ಕ್ರಿಕೆಟ್ಟನ್ನು ವಿರಾಮದ ವಿನೋದವಾಗಿ ಬೆಳೆಸಿದ ಕಾಲದಲ್ಲಿಯೂ ಬ್ಯಾಟು ಬೀಸುವುದು ಹೆಚ್ಚಾಗಿ ದೊಡ್ಡವರ ಭೋಗವಾಗಿತ್ತು. ಚೆಂಡೆಸೆಯುವುದು ಹೆಚ್ಚಾಗಿ ಸಂಬಳದವರ ದುಡಿಮೆಯಾಗಿತ್ತು. ಆ ಆಟ ಭರತಖಂಡಕ್ಕೆ ಬಂದಾಗ ಈ ಹಂಚಿಕೆಯ ಮೇಲೆ ನಮ್ಮ ಜಾತಿಯ ಹಂಚಿಕೆಯೂ ಬಂದು ಕುಳಿತಿತು. ಹೀಗೆ ಇಮ್ಮಡಿಯಾದ ಭಾರದ ಅಡಿಯಿಂದ ಎದ್ದು ಬಂದು, ಈ ದೇಶದ ಮೊದಲ ಶ್ರೇಷ್ಠ ಬೌಲರ್ ಎನ್ನಿಸಿಕೊಂಡವರು ಪಾಲ್ವಂಕರ್ ಬಾಳೂ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೮೭೦ರ ದಶಕದ ನಡುವಿನಲ್ಲಿ ಅಲ್ಲಿ ಜನಿಸಿದ ಬಾಳೂ ಚರ್ಮಕಾರ ಸಮುದಾಯದವರು. ಅವರ ಮನೆತನದ ಹೆಸರು ಕೊಂಕಣದ ಒಂದು ಹಳ್ಳಿಯಿಂದ ಬಂದದ್ದು. ತಂದೆಗೆ ಸೇನೆಯ ಆಶ್ರಯದಲ್ಲಿ ಕೆಲಸ. ಸೇನೆ ಕರೆದಲ್ಲಿಗೆ ಸಂಸಾರ ಹೋಗಬೇಕು. ಹಾಗೆ ಅವರು ಪುಣೆಯನ್ನು ಸೇರಿದರು. ಅಲ್ಲಿ ದಂಡಿನ ಅಧಿಕಾರಿಗಳು ಬಳಸಿ ಬಿಸುಟ ಬ್ಯಾಟು ಚೆಂಡುಗಳಿಂದಲೇ ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟವನ್ನು ಕಲಿತದ್ದು. ಓದು ದೂರ ಹೋಗಲಿಲ್ಲ. ಪುಣೆಯ ಪಾರಸಿ ಕ್ರಿಕೆಟ್ ಸಂಘವೊಂದರಲ್ಲಿ ಬಾಳೂ ಕೆಲಸಕ್ಕೆ ನಿಂತರು. ಅಂಕಣ ಗುಡಿಸುವುದು, ರೋಲರ್ ಎಳೆಯುವುದು, ಬೇಕಾದಾಗ ಸದಸ್ಯರಿಗೆ ಚೆಂಡೆಸೆಯುವುದು. ತಿಂಗಳಿಗೆ ಮೂರು ರೂಪಾಯಿ ಸಂಬಳ. ಸುಮಾರು ೧೮೯೨ರಲ್ಲಿ ಐರೋಪ್ಯರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿ ಆಯಿತು.

ಆ ಕ್ಲಬ್ಬಿನ ಬಲೆಯ ಅಭ್ಯಾಸವೇ ಬಾಳೂ ಅವರ ಪಾಠಶಾಲೆ. ಅಲ್ಲಿ ಜೆ. ಜಿ. ಗ್ರೆಗ್ ಎಂಬ ದಂಡಿನ ಅಧಿಕಾರಿ ಇದ್ದ. ಆ ಕಾಲದ ಇಂಡಿಯದಲ್ಲಿದ್ದ ಬಿಳಿಯ ಬ್ಯಾಟುಗಾರರಲ್ಲಿ ಅಗ್ರಗಣ್ಯನೆಂದು ಹೆಸರಾದವನು. ಇತರರು ಬರುವ ಮೊದಲೇ ಬಂದು ಬಾಳೂ ಅವರಿಂದ ಚೆಂಡು ಹಾಕಿಸಿಕೊಂಡು ಅಭ್ಯಾಸ ಮಾಡುತ್ತಿದ್ದ ಅವನು, ತನ್ನನ್ನು ಔಟು ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ತಿಂಗಳ ಸಂಬಳ ನಾಲ್ಕು ರೂಪಾಯಿ ಇದ್ದವನಿಗೆ ಎಂಟಾಣೆ ಸಣ್ಣ ಮೊತ್ತವಲ್ಲ. ಎಂಟು ವಿಕೆಟ್ಟಿಗೆ ಒಂದು ತಿಂಗಳ ಸಂಬಳ. ಆದರೆ ವರ್ಷಗಟ್ಟಲೆ ಅಲ್ಲಿ ಸಾವಿರಾರು ಚೆಂಡುಗಳನ್ನೆಸೆದ ಬಾಳೂ ಅವರ ಕೈಗೆ ಒಮ್ಮೆಯಾದರೂ ಬ್ಯಾಟು ಬರಲಿಲ್ಲ. ಎಸೆಯುವುದು ಸೇವೆ, ಹೊಡೆಯುವುದು ಅಧಿಕಾರ. ಸೇವಕನಿಗೆ ಇನಾಮು ದೊರೆಯಬಹುದು, ಸರದಿ ದೊರೆಯದು.

ಬಾಳೂ ಎಡಗೈ ನಿಧಾನಗತಿಯ ಬೌಲರ್. ಈ ಬಗೆಯ ಬೌಲಿಂಗಿನಲ್ಲಿ ಬಲದ ಪ್ರದರ್ಶನವಿಲ್ಲ. ಚೆಂಡು ಗಾಳಿಯಲ್ಲಿ ತೇಲಿ ಬರುತ್ತದೆ, ಆಡುವವನನ್ನು ಮುಂದಕ್ಕೆ ಕರೆಯುತ್ತದೆ, ಅವನು ಎಣಿಸಿದ್ದಕ್ಕಿಂತ ಗೇಣು ಹಿಂದೆ ನೆಲ ಮುಟ್ಟಿ ಬಲಗೈ ಆಟಗಾರನಿಂದ ಹೊರಕ್ಕೆ ತಿರುಗುತ್ತದೆ. ಅಳತೆ, ತಿರುವು, ತಾಳ್ಮೆ ಈ ಮೂರೇ ಇದರ ಆಯುಧಗಳು. ಬೇಸರವಿಲ್ಲದೆ ಒಂದೇ ಕಡೆ ಹೊತ್ತುಗಟ್ಟಲೆ ಚೆಂಡಿಡಬಲ್ಲ ಬಾಳೂ ಅವರ ಸಂಯಮ, ದೊಡ್ಡವರ ಅಭ್ಯಾಸಕ್ಕಾಗಿ ಪ್ರತಿದಿನ ದುಡಿದ ಆ ವರ್ಷಗಳ ಫಲವೆನ್ನಬೇಕು.

ಈ ನಡುವೆ ಪುಣೆಯ ಹಿಂದೂ ಆಟಗಾರರು ಐರೋಪ್ಯರನ್ನು ಸೋಲಿಸಬೇಕೆಂಬ ಹಟ ತೊಟ್ಟಿದ್ದರು. ಗೆಲ್ಲಲು ಬೇಕಾದ ಬೌಲರ್ ಅದೇ ಊರಿನಲ್ಲಿದ್ದ. ಆದರೆ ಅವನು ಅಸ್ಪೃಶ್ಯ. ಮೇಲುಜಾತಿಯವರ ನಡುವೆ ವಾದ ನಡೆಯಿತು. ಕೊನೆಗೆ ಗೆಲುವಿನ ಆಸೆ ಮಡಿಯನ್ನು ಸೋಲಿಸಿತು, ಆದರೆ ಪೂರ್ತಿಯಾಗಿ ಸೋಲಿಸಲಿಲ್ಲ. ಬಾಳೂ ಮುಟ್ಟಿದ ಚೆಂಡನ್ನು ಮೈದಾನದಲ್ಲಿ ಎಲ್ಲರೂ ಮುಟ್ಟಿದರು. ಅದಕ್ಕೆ ಮೈಲಿಗೆ ಇರಲಿಲ್ಲ. ಚಹದ ವಿರಾಮ ಬಂದಾಗ ಉಳಿದವರು ಒಳಗೆ ಪಿಂಗಾಣಿಯ ಬಟ್ಟಲಿನಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮುಖ ತೊಳೆಯಬೇಕೆಂದರೆ ಅವರಂತೆಯೇ ಅಸ್ಪೃಶ್ಯನಾದ ಆಳೊಬ್ಬ ಮೈದಾನದ ಮೂಲೆಯಲ್ಲಿ ನೀರು ಹಿಡಿಯಬೇಕು.

ಸಾತಾರಾದ ಐರೋಪ್ಯ ತಂಡದ ಮೇಲೆ ಆಡಲು ಹೋದಾಗ, ಬಾಳೂ ಅವರ ತಿರುವನ್ನು ಕೊಲ್ಲಲೆಂದೇ ಅಲ್ಲಿಯವರು ಅಂಕಣವನ್ನು ದಿನಗಟ್ಟಲೆ ರೋಲರ್ ಎಳೆದು ಗಟ್ಟಿ ಮಾಡಿದ್ದರಂತೆ. ಬಾಳೂ ಆದರೂ ಏಳು ವಿಕೆಟ್ಟುಗಳನ್ನು ಕಿತ್ತರು. ಪುಣೆಗೆ ಮರಳಿದಾಗ ಸನ್ಮಾನ ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಆ ಆಟಗಾರರಿಗೆ, ಬಾಳೂ ಅವರೊಡನೆ ಕೂಡಿ ಆಡಬಲ್ಲವರು ಕೂಡಿ ಉಣ್ಣಲೂ ಬಲ್ಲವರಾಗಬೇಕೆಂಬ ಅರ್ಥದ ಮಾತನ್ನು ಹೇಳಿದರೆಂದು ತಿಳಿದುಬರುತ್ತದೆ. ಮಾತು ಸರಳ. ಅದನ್ನು ನಡೆಸುವುದಕ್ಕೆ ಹಿಡಿದ ಕಾಲ ದೀರ್ಘ.

ಕನ್ನಡ ಕಾವ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಕರ್ಣನ ನೆನಪಾಗದಿರದು. ಅಸ್ತ್ರವಿದ್ಯೆಯ ರಂಗದಲ್ಲಿ ಅವನ ಬಿಲ್ಗಾರಿಕೆಯನ್ನು ಕಣ್ಣಾರೆ ಕಂಡ ಮೇಲೂ ಹಿರಿಯರು ಕೇಳಿದ್ದು ಕುಲವನ್ನು. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಆ ನೋವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ಆದರೆ ದುರ್ಯೋಧನ ಅವನಿಗೆ ಅಂಗರಾಜ್ಯವನ್ನಾದರೂ ಕಟ್ಟಿದ, ತನ್ನ ಸಮಾನನೆಂದು ಒಪ್ಪಿದ. ಕರ್ಣನ ಬಿಲ್ಲು ಅವನಿಗೆ ಬೇಕಾಗಿತ್ತೆಂಬುದು ನಿಜ. ಆ ಬೇಕಿಗೆ ಅವನು ಬೆಲೆಯನ್ನೂ ತೆತ್ತ. ಬಾಳೂ ಅವರ ತೋಳನ್ನು ಬಯಸಿದವರು ಅಷ್ಟು ಔದಾರ್ಯವನ್ನೂ ತೋರಲಿಲ್ಲ. ತೋಳು ಬೇಕು, ತೋಳಿನವನು ಬೇಡ ಎಂಬ ಲೆಕ್ಕ ಅವರದು.

೧೮೯೦ರ ದಶಕದ ಕೊನೆಗೆ, ಪ್ಲೇಗಿನ ದಿನಗಳಲ್ಲಿ, ಬಾಳೂ ಪುಣೆಯನ್ನು ಬಿಟ್ಟು ಮುಂಬಯಿಗೆ ಬಂದರು. ರೈಲ್ವೆಯಲ್ಲಿ ನೌಕರಿ ದೊರೆಯಿತು. ಹಿಂದೂ ಜಿಮ್ಖಾನಾದ ತಂಡದಲ್ಲಿ ಸ್ಥಾನ ದೊರೆಯಿತು. ಧಾರವಾಡ, ಪುಣೆ, ಮುಂಬಯಿ. ಪಾರಸಿಗಳ ಸಂಘ, ಬಿಳಿಯರ ಕ್ಲಬ್ಬು, ಹಿಂದೂಗಳ ಜಿಮ್ಖಾನಾ. ಈ ಅಲೆದಾಟವನ್ನು ಸಾಹಸಿಯ ದೇಶಾಟನವೆಂದು ಭಾವಿಸಬಾರದು. ಒಂದೊಂದು ಬಾಗಿಲೂ ಅರ್ಧ ತೆರೆದು ನಿಂತಾಗ ಮುಂದಿನ ಬಾಗಿಲನ್ನು ತಟ್ಟುವವನ ಅಲೆದಾಟ ಅದು.

೧೯೦೬ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ನಡೆದ ಪಂದ್ಯ ಆ ಕಾಲದ ದೊಡ್ಡ ಸುದ್ದಿ. ಹಿಂದೂಗಳು ಎರಡು ಸರದಿಗಳಲ್ಲಿ ಗಳಿಸಿದ್ದು ೨೪೨ ಮತ್ತು ೧೬೦. ಐರೋಪ್ಯರು ೧೯೧ ಮತ್ತು ೧೦೨ಕ್ಕೆ ಮುಗಿದರು. ೧೦೯ ಓಟಗಳ ಗೆಲುವು. ಎರಡನೆಯ ಸರದಿಯಲ್ಲಿ ಎದುರಾಳಿಯ ಬೆನ್ನು ಮುರಿದ ಕೈ ಬಾಳೂ ಅವರದು. ಬಂಗಾಳದ ವಿಭಜನೆಯ ಮರುವರ್ಷ ಅದು; ಸ್ವದೇಶಿ ಚಳವಳಿಯ ಬಿಸಿ ಎಲ್ಲೆಡೆ ಹರಡಿತ್ತು. ಆಳುವವರನ್ನು ಅವರ ಆಟದಲ್ಲಿಯೇ ಸೋಲಿಸಿದ ತಂಡದ ಮುಖ್ಯ ಬೌಲರ್ ಒಬ್ಬ ಅಸ್ಪೃಶ್ಯ ಎಂಬುದನ್ನು ಸುಧಾರಕರ ಪತ್ರಿಕೆಗಳು ಎತ್ತಿ ಹೇಳಿದವು. ಮಣ್ಣಿನ ಕುಡಿಕೆ ಮುಂಬಯಿಯಲ್ಲಿ ಕ್ರಮೇಣ ಹಿಂದೆ ಸರಿಯಿತು. ಒಂದೇ ಮೇಜಿನಲ್ಲಿ ಊಟ ಸಾಧ್ಯವಾಯಿತು.

೧೯೧೧ರಲ್ಲಿ ಇಂಡಿಯದ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಹತ್ತೊಂಬತ್ತು ವರ್ಷದ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ಅದರ ನಾಯಕ. ಬಾಳೂ, ಶಿವರಾಮ ಸೋದರರಿಬ್ಬರೂ ಅದರಲ್ಲಿದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಅವರೂ ಇದ್ದರು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಲೀಸ್ಟರ್‌ಷೈರ್ ತಂಡವನ್ನು ಸೋಲಿಸಿದಾಗ ಬಾಳೂ ಹನ್ನೊಂದು ವಿಕೆಟ್ ಪಡೆದರು. ಸಾಮರ್ಸೆಟ್ ತಂಡವನ್ನು ಒಂದೇ ವಿಕೆಟ್ಟಿನಿಂದ ಗೆದ್ದಾಗ ಶಿವರಾಮ ಶತಕ ಹೊಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಸರದಿಯಲ್ಲಿ ಬಾಳೂ ಅವರಿಗೆ ಎಂಟು ವಿಕೆಟ್. ಪ್ರವಾಸದ ಎಲ್ಲ ಪಂದ್ಯಗಳಿಂದ ಅವರು ಉರುಳಿಸಿದ್ದು ೧೧೪ ವಿಕೆಟ್. ಅವುಗಳಲ್ಲಿ ೭೫ ಪ್ರಥಮ ದರ್ಜೆಯ ಪಂದ್ಯಗಳಲ್ಲಿ. ಅವರ ವಯಸ್ಸು ಆಗ ಮೂವತ್ತೈದರ ಆಚೀಚೆ. ಇಂಡಿಯ ತನ್ನ ಮೊದಲ ಟೆಸ್ಟ್ ಆಡಿದ್ದು ೧೯೩೨ರಲ್ಲಿ. ಬಾಳೂ ಅವರ ತೋಳಿಗೆ ಅದು ಎರಡು ದಶಕ ತಡವಾಗಿ ಬಂತು.

ಇದೇ ಕಾಲಕ್ಕೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಇನ್ನೊಬ್ಬ ಎಡಗೈಯವನ ಕಥೆಯೂ ಹೀಗೆಯೇ ಸಾಗಿತ್ತು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ನಮ್ಮ ಬೌಲರಿನ ಸ್ಥಾನದಲ್ಲಿರುವವನು ಪಿಚರ್. ಜಾರ್ಜ್ ಸ್ಟೋವಿ ಎಂಬ ಕರಿಯ ಪಿಚರ್ ೧೮೮೬ರಲ್ಲಿ ಜರ್ಸಿ ಸಿಟಿಯಲ್ಲಿ, ೧೮೮೭ರಲ್ಲಿ ನೆವಾರ್ಕ್‌ನಲ್ಲಿ ಕಿರಿಯ ದರ್ಜೆಯ ಲೀಗಿನ ತಂಡಗಳಿಗೆ ಆಡಿದ. ನೆವಾರ್ಕ್‌ಗೆ ಆ ಒಂದೇ ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದುಕೊಟ್ಟ. ಆ ಜುಲೈ ೧೪ರಂದು ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್ ಕರಿಯರು ಕಣದಲ್ಲಿದ್ದರೆ ತಾನು ಆಡಲೊಲ್ಲೆನೆಂದ, ಸ್ಟೋವಿ ಹೊರಗುಳಿದ. ಅದೇ ದಿನ ಆ ಲೀಗಿನ ಯಜಮಾನರು ಇನ್ನು ಮುಂದೆ ಕರಿಯರೊಡನೆ ಹೊಸ ಒಪ್ಪಂದ ಬೇಡವೆಂದು ತೀರ್ಮಾನಿಸಿದರು. ಅಲ್ಲಿಂದ ಸ್ಟೋವಿಯದು ಊರಿಂದೂರಿಗೆ, ತಂಡದಿಂದ ತಂಡಕ್ಕೆ ಅಲೆದಾಟ. ಅವನು ೧೯೩೬ರಲ್ಲಿ ಬಡತನದಲ್ಲಿ ತೀರಿಕೊಂಡ.

ಇಬ್ಬರನ್ನೂ ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಬಾಗಿಲನ್ನು ಮುಚ್ಚಿ ಅಗುಳಿ ಹಾಕಿದರು. ೧೯೪೭ರಲ್ಲಿ ಜಾಕಿ ರಾಬಿನ್ಸನ್ ಹಿರಿಯ ಲೀಗನ್ನು ಪ್ರವೇಶಿಸುವ ತನಕ ಅದು ತೆರೆಯಲಿಲ್ಲ. ನಮ್ಮಲ್ಲಿ ಬಾಗಿಲನ್ನು ಬೇಕಾದಷ್ಟೇ ತೆರೆದು ಹಿಡಿದರು. ಮುಚ್ಚಿದ ಬಾಗಿಲಿನ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಅರ್ಧ ತೆರೆದ ಬಾಗಿಲಾದರೋ ತೆರೆದವನಿಗೆ ಕೀರ್ತಿಯನ್ನೂ ತರುತ್ತದೆ.

ಬಾಗಿಲು ಎಲ್ಲಿಗೆ ನಿಲ್ಲುತ್ತದೆಂಬುದು ನಾಯಕತ್ವದ ಪ್ರಶ್ನೆ ಬಂದಾಗ ಗೊತ್ತಾಯಿತು. ಅನುಭವದಲ್ಲಿ, ಸಾಧನೆಯಲ್ಲಿ ಬಾಳೂ ಅವರಿಗೆ ಸಮನಾದವರು ಹಿಂದೂ ತಂಡದಲ್ಲಿರಲಿಲ್ಲ. ಆದರೂ ವರ್ಷ ವರ್ಷವೂ ನಾಯಕ ಪಟ್ಟ ಬೇರೆಯವರಿಗೆ. ೧೯೧೩ರಲ್ಲಿ ನಾಯಕರಾದ ಎಂ. ಡಿ. ಪೈ ಅವರೇ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಹೇಳಿದರು. ೧೯೨೦ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಪ್ರತಿಭಟಿಸಿ, ಕಾರಣವನ್ನು ಬಹಿರಂಗವಾಗಿ ಹೇಳಿ ಹೊರಗುಳಿದರು. ಜನಾಭಿಪ್ರಾಯ ತಿರುಗಿತು, ಮುಂದಿನ ಪಂದ್ಯಕ್ಕೆ ಸೋದರರು ಮರಳಿದರು, ಬಾಳೂ ಉಪನಾಯಕರಾದರು. ಅವರಿಗೆ ದೊರೆತದ್ದು ಅಷ್ಟೇ. ೧೯೨೩ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದರು, ಗೆದ್ದರು. ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣ ತಟ್ಟಿದ ಬಾಗಿಲನ್ನು ತಮ್ಮ ದಾಟಿದ.

ಚೆಂಡನ್ನು ಕೆಳಗಿಟ್ಟ ಮೇಲೆ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. ತರುಣ ಅಂಬೇಡ್ಕರ್ ಅವರ ಅಭಿಮಾನಕ್ಕೆ ಪಾತ್ರರಾಗಿದ್ದ ಈ ಹಿರಿಯ, ಬರಬರುತ್ತ ಅವರ ದಾರಿಯಿಂದ ದೂರ ಸರಿದದ್ದು ಕಾಲದ ವಿಪರ್ಯಾಸ. ಪ್ರತ್ಯೇಕ ಮತಕ್ಷೇತ್ರದ ವಿವಾದದಲ್ಲಿ ಅವರು ಗಾಂಧೀಜಿಯವರ ಕಡೆ ನಿಂತರು. ೧೯೩೨ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ೧೯೩೭ರ ಚುನಾವಣೆಯಲ್ಲಿ ಮುಂಬಯಿಯ ಮೀಸಲು ಸ್ಥಾನಕ್ಕೆ ಅಂಬೇಡ್ಕರ್ ಅವರ ಎದುರಾಳಿಯಾಗಿ ಕಾಂಗ್ರೆಸ್ಸು ನಿಲ್ಲಿಸಿದ್ದು ಬಾಳೂ ಅವರನ್ನು. ಅಂಬೇಡ್ಕರ್ ಅವರಿಗೆ ೧೩,೨೪೫ ಮತ, ಬಾಳೂ ಅವರಿಗೆ ೧೧,೨೨೫. ಇದನ್ನು ಕೇವಲ ಸೋಲು ಗೆಲುವೆಂದು ಓದಬಾರದು. ಅರ್ಧ ತೆರೆದ ಬಾಗಿಲನ್ನು ತಾಳ್ಮೆಯಿಂದ ನೂಕುತ್ತಲೇ ಬದುಕಿದವರು ಒಬ್ಬರು. ಬಾಗಿಲ ಚೌಕಟ್ಟೇ ತಪ್ಪೆಂದು ಕಂಡವರು ಇನ್ನೊಬ್ಬರು. ಎರಡೂ ನಿಲುವುಗಳ ಹಿಂದೆ ಇದ್ದ ಅಪಮಾನ ಒಂದೇ. ೧೯೫೫ರ ಜುಲೈ ತಿಂಗಳಿನಲ್ಲಿ ಬಾಳೂ ಮುಂಬಯಿಯಲ್ಲಿ ನಿಧನರಾದರು.

ಪ್ರಥಮ ದರ್ಜೆಯ ೩೩ ಪಂದ್ಯಗಳಲ್ಲಿ ೧೭೯ ವಿಕೆಟ್, ಒಂದೊಂದಕ್ಕೆ ಸುಮಾರು ಹದಿನೈದು ಓಟ. ಇದು ದಾಖಲೆಯ ಪುಸ್ತಕದಲ್ಲಿ ಉಳಿದ ಬಾಳೂ. ಉಳಿದದ್ದು ಮರೆತುಹೋಗುತ್ತಿತ್ತು. ವಿಠ್ಠಲರು ೧೯೪೮ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನವನ್ನು ಬರೆದಿಟ್ಟರು. ೨೦೦೨ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ಈ ಸೋದರರನ್ನು ಮತ್ತೆ ಬೆಳಕಿಗೆ ತಂದರು. ಕನ್ನಡನಾಡು ಸ್ಪಿನ್ ಬೌಲರುಗಳ ನಾಡು. ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್, ಅವರ ಜೊತೆಯ ಪ್ರಸನ್ನ, ಬಾಳೂ ಅವರಂತೆಯೇ ಎಡಗೈಯವರಾದ ಗದಗಿನ ಸುನಿಲ್ ಜೋಶಿ ಇವರ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಆ ಸಾಲಿನ ಮೊದಲಲ್ಲಿ ನಿಲ್ಲಬೇಕಾದ ಧಾರವಾಡದ ಶಿಶುವನ್ನು ಬಲ್ಲವರು ವಿರಳ.

ಬಾಳೂ ಅವರನ್ನು ಸ್ಮರಿಸುವುದೆಂದರೆ ಒಬ್ಬ ಆಟಗಾರನನ್ನು ಹೊಗಳುವುದಷ್ಟೇ ಅಲ್ಲ. ನಮಗೆ ಬೇಕಾದವರನ್ನು ನಾವು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಳ್ಳುತ್ತೇವೆ, ಎಲ್ಲಿ ನಿಲ್ಲಿಸುತ್ತೇವೆ ಎಂದು ಕೇಳಿಕೊಳ್ಳುವುದು. ಜೊತೆಯಲ್ಲಿ ಆಡಿಸುವುದು ಸುಲಭ, ಜೊತೆಯಲ್ಲಿ ಉಣ್ಣುವುದು ಅದಕ್ಕಿಂತ ಕಷ್ಟ. ಅವರ ಮಾತನ್ನು ಕೇಳಿ ಅವರ ಹಿಂದೆ ನಡೆಯುವುದು ಎಲ್ಲಕ್ಕಿಂತ ಕಷ್ಟ. ಮೊದಲೆರಡು ಮೆಟ್ಟಿಲುಗಳನ್ನು ಬಾಳೂ ತಮ್ಮ ತೋಳಿನ ಬಲದಿಂದಲೇ ಏರಿದರು. ಮೂರನೆಯದನ್ನು ಬಿಟ್ಟುಕೊಡುವುದು ಮಾತ್ರ ಇತರರ ಕೈಯಲ್ಲಿತ್ತು.